ಸಹಿ ಹಾಕಿದ್ರೆ ಒಪ್ಪಿಕೊಂಡಂಗಲ್ಲ: ಆನ್‌ಲೈನ್‌ನಲ್ಲಿ ತರಿಸಿದ ಕಾರ್ ಪಾರ್ಟ್ ಡ್ಯಾಮೇಜ್ ಆಗಿದ್ರೆ ಏನು ಮಾಡಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ರಾಜಘಟ್ಟದಿಂದ ಮಾತಾಡ್ತಾ ಇದೀನಿ. ಇವತ್ತಿನ ವಿಷಯ ಕಾರ್ ಸ್ಪೇರ್ ಪಾರ್ಟ್ಸ್.

ಮೊದಲೆಲ್ಲಾ ನಮ್ಮ ಕಡೆ ಕಾರಿಗೆ ಏನಾದ್ರೂ ಸಾಮಾನು ಬೇಕು ಅಂದ್ರೆ ದೊಡ್ಡಬಳ್ಳಾಪುರದ ಅಂಗಡಿ, ಅಲ್ಲಿ ಸಿಗಲಿಲ್ಲ ಅಂದ್ರೆ ಬೆಂಗಳೂರಿನ ಜೆ.ಸಿ. ರಸ್ತೆ. ಕೌಂಟರ್ ಮೇಲಿಟ್ಟು ತಿರುಗಿಸಿ ನೋಡಿ, "ಇದು ಬೇಡಣ್ಣ, ಇನ್ನೊಂದು ತೋರಿಸಿ" ಅನ್ನಬಹುದಿತ್ತು. ಈಗ ದೆಹಲಿಯ ಕಾಶ್ಮೀರಿ ಗೇಟ್‌ನ ಅಂಗಡಿಯಿಂದ ಹೊರಟ ಬಾಕ್ಸ್ ನೇರವಾಗಿ ನಮ್ಮ ಮನೆ ಬಾಗಿಲಿಗೇ ಬರುತ್ತೆ. ರೇಟೂ ಕಡಿಮೆ. ಆದ್ರೆ ನೋಡಿ ತಗೊಳ್ಳೋ ಅವಕಾಶ ಹೋಯ್ತು ಅಂತ ತುಂಬಾ ಜನ ಅಂದ್ಕೊಂಡಿದಾರೆ. ಕಾನೂನಿನ ಪ್ರಕಾರ ಅದು ಹೋಗಿಲ್ಲ.

ಒಂದು ಉದಾಹರಣೆ ಇಟ್ಕೊಳ್ಳೋಣ. ನೀವೊಂದು ರೇಡಿಯೇಟರ್ ತರಿಸಿದ್ದೀರಿ. ಬಾಕ್ಸ್‌ನ ಒಂದು ಮೂಲೆ ಜಜ್ಜಿ ಹೋಗಿದೆ. ಬಿಚ್ಚಿ ನೋಡಿದ್ರೆ ಒಳಗೆ ಎಲ್ಲಾ ಸರಿ ಇರೋ ಹಾಗೆ ಕಾಣುತ್ತೆ. ಆದ್ರೆ ಪ್ಲಾಸ್ಟಿಕ್ ಟ್ಯಾಂಕ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೆ, ಇಂಜಿನ್ ಬಿಸಿಯಾಗಿ ಒತ್ತಡ ಏರಿದಾಗಲೇ ಅದು ಗೊತ್ತಾಗೋದು. ಬ್ರೇಕ್ ಡಿಸ್ಕ್ ಸ್ವಲ್ಪ ಬಾಗಿದ್ರೂ ಅಷ್ಟೇ, ಅಳತೆ ಮಾಡದೆ ಬರೀ ಕಣ್ಣಿಗೆ ಕಾಣಲ್ಲ. ಡ್ಯಾಮೇಜ್ ಆಗಿದೆ ಅನ್ನೋದಕ್ಕೆ ಪುರಾವೆ ಇಲ್ಲ, ಆಗಿಲ್ಲ ಅನ್ನೋದಕ್ಕೆ ಧೈರ್ಯ ಇಲ್ಲ. ಈಗೇನು ಮಾಡೋದು?

ಪಡೆಯೋದು ಬೇರೆ, ಒಪ್ಪಿಕೊಳ್ಳೋದು ಬೇರೆ

ಇದಕ್ಕೆ ಉತ್ತರ ಇರೋದು ಬ್ರಿಟಿಷರ ಕಾಲದ ಒಂದು ಕಾಯ್ದೆಯಲ್ಲಿ. 1930ರ ಸರಕು ಮಾರಾಟ ಕಾಯ್ದೆ. ಬಿ.ಕಾಂ. ಓದಿದವರಿಗೆ ನೆನಪಿರುತ್ತೆ, ಪರೀಕ್ಷೆ ಮುಗಿದ ಮೇಲೆ ನಾವೆಲ್ಲಾ ಮರೆತುಬಿಟ್ಟ ಪಾಠ ಅದು.

ಅದರ 41ನೇ ಸೆಕ್ಷನ್ ಪ್ರಕಾರ, ಮೊದಲೇ ನೋಡಿರದ ಸರಕು ನಿಮ್ಮ ಕೈ ಸೇರಿದಾಗ, ಅದನ್ನು ಪರೀಕ್ಷಿಸಲು ಸಮಂಜಸವಾದ ಅವಕಾಶ ಸಿಗೋವರೆಗೂ ನೀವು ಅದನ್ನು ಒಪ್ಪಿಕೊಂಡ ಹಾಗಲ್ಲ. ಅಂದ್ರೆ ಡೆಲಿವರಿ ಹುಡುಗನ ಮೊಬೈಲ್ ಮೇಲೆ ಬೆರಳಲ್ಲಿ ಗೀಚೋ ಸಹಿ, ಬಾಕ್ಸ್ ಬಂತು ಅನ್ನೋದಕ್ಕೆ ಮಾತ್ರ. ಒಳಗಿರೋದು ಸರಿಯಾಗಿದೆ ಅಂತ ಅಲ್ಲ.

ಹಾಗಾದ್ರೆ ಒಪ್ಪಿಕೊಂಡ ಹಾಗೆ ಆಗೋದು ಯಾವಾಗ? 42ನೇ ಸೆಕ್ಷನ್ ಮೂರು ಸಂದರ್ಭ ಹೇಳುತ್ತೆ. ಒಂದು, "ಒಪ್ಪಿದೆ" ಅಂತ ನೀವೇ ತಿಳಿಸಿದಾಗ. ಎರಡು, ಆ ವಸ್ತು ಇನ್ನೂ ಮಾರಿದವನದ್ದೇ ಅನ್ನೋದಕ್ಕೆ ಹೊಂದದ ಕೆಲಸ ಏನಾದ್ರೂ ಮಾಡಿದಾಗ. ಮೂರು, ಬೇಡ ಅಂತ ಹೇಳದೆ ಸುಮ್ಮನೆ ದಿನ ತಳ್ಳಿದಾಗ.

ಎರಡನೇದನ್ನು ಗಮನಿಸಿ. ಅನುಮಾನ ಇದ್ರೂ ಪಾರ್ಟನ್ನು ಕಾರಿಗೆ ಕೂರಿಸಿಬಿಟ್ರೆ, "ನಿಮ್ಮ ಮೆಕ್ಯಾನಿಕ್ ಕೂರಿಸುವಾಗ ಒಡೆದಿದಾನೆ" ಅನ್ನೋಕೆ ಮಾರಿದವರಿಗೆ ಒಳ್ಳೇ ದಾರಿ ಮಾಡಿಕೊಟ್ಟ ಹಾಗೆ. ಹಾಗಂತ ಕೂರಿಸಿದ ಮೇಲೆ ಹಕ್ಕೇ ಇಲ್ಲ ಅಂತಲ್ಲ. ದೋಷ ಇದ್ರೆ ಪರಿಹಾರ ಕೇಳಬಹುದು. ಆದ್ರೆ ಸಾಬೀತು ಮಾಡೋದು ಕಷ್ಟ ಆಗುತ್ತೆ.

ಅದಕ್ಕೇ ಅನುಮಾನ ಬಂದ ಕೂಡಲೇ ಕೂರಿಸೋದನ್ನ ನಿಲ್ಲಿಸಿ, ಬರವಣಿಗೆಯಲ್ಲಿ ತಿಳಿಸಿ. ತಿಳಿಸೋದಕ್ಕೆ ಅನುಮಾನ ಸಾಕು, ಪುರಾವೆ ಆಮೇಲೆ ಜೋಡಿಸ್ಕೊಳ್ಳಬಹುದು.

ಬಾಕ್ಸ್ ಬಂದ ದಿನ

ಬಿಚ್ಚೋ ಮುಂಚೆ ಆರೂ ಕಡೆಯಿಂದ ಫೋಟೋ ತೆಗೀರಿ, ಅಂಟಿಸಿರೋ ಲೇಬಲ್ ಕಾಣೋ ಹಾಗೆ. ಬಿಚ್ಚೋದನ್ನ ಕಟ್ ಮಾಡದೆ ಒಂದೇ ವಿಡಿಯೋದಲ್ಲಿ ತೆಗೀರಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದು ಗುಣಮಟ್ಟ ಕಳ್ಕೊಳ್ಳುತ್ತೆ, ಮೂಲ ಫೈಲ್ ಫೋನ್‌ನಲ್ಲೇ ಇರಲಿ.

ಪಾರ್ಟ್ ನಂಬರ್ ಬಿಲ್‌ಗೆ ಹೊಂದುತ್ತಾ ನೋಡಿ. ಹೆಡ್‌ಲೈಟ್ ಆದ್ರೆ ಹಿಂದಿರೋ ಸ್ಕ್ರೂ ಹಾಕೋ ಕಿವಿಗಳು ಮುರಿದಿವೆಯಾ ನೋಡಿ. ಶಾಕ್ ಅಬ್ಸಾರ್ಬರ್ ಆದ್ರೆ ಎಣ್ಣೆ ಜಿನುಗಿದೆಯಾ ನೋಡಿ. ಟೈರ್ ಆದ್ರೆ ಐಎಸ್ಐ ಗುರುತು ಹುಡುಕಿ. ಪಕ್ಕದಲ್ಲಿರೋ ನಾಲ್ಕು ಅಂಕಿಯ ತಾರೀಖನ್ನೂ ಓದಿ: 1424 ಅಂದ್ರೆ 2024ರ 14ನೇ ವಾರದಲ್ಲಿ ತಯಾರಾದದ್ದು.

ಕಣ್ಣಿಗೆ ಗೊತ್ತಾಗದಿದ್ರೆ ಕೂರಿಸದೆ ಮೆಕ್ಯಾನಿಕ್‌ಗೆ ತೋರಿಸಿ. "ಇಂಥ ದಿನ, ಇಂಥ ನಂಬರಿನ ಪಾರ್ಟ್, ಇಲ್ಲಿ ಬಿರುಕಿದೆ" ಅಂತ ಗ್ಯಾರೇಜಿನ ಬಿಲ್ ಹಾಳೆ ಮೇಲೆ ಎರಡು ಸಾಲು ಬರೆಸ್ಕೊಂಡು ಸಹಿ ಹಾಕಿಸಿ. ಮುಂದೆ ಆ ಹಾಳೆಗೆ ಬೆಲೆ ಇದೆ.

ಯಾರನ್ನ ಕೇಳೋದು?

ಆ್ಯಪ್‌ನವರು "ನಾವು ಬರೀ ಮಧ್ಯವರ್ತಿ" ಅಂತಾರೆ. ಮಾರಿದವರು "ಕೊರಿಯರ್‌ನವರನ್ನ ಕೇಳಿ" ಅಂತಾರೆ. ನೀವು ಬಿಲ್ ತೆಗೆದು ನೋಡಿ. ಮಾರಿದವರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಅಲ್ಲಿರುತ್ತೆ. ದೂರನ್ನು ಮಾರಿದವರಿಗೂ ಆ್ಯಪ್‌ಗೂ ಇಬ್ಬರಿಗೂ ಕಳಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಪ್ರತಿ ಆ್ಯಪ್‌ಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ಅವರು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೋಷ ಇರೋ, ನಕಲಿಯಾದ, ಅಥವಾ ಜಾಹೀರಾತಿನಲ್ಲಿ ಹೇಳಿದ ಹಾಗಿಲ್ಲದ ವಸ್ತುವನ್ನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅಂತ ಮಾರಿದವರು ಹೇಳೋ ಹಾಗಿಲ್ಲ. "ನೋ ರಿಟರ್ನ್" ಅಂತ ಬರೆದಿದ್ರೂ ಇದು ಅನ್ವಯಿಸುತ್ತೆ. ಆದ್ರೆ ನೀವೇ ಪೆಟ್ರೋಲ್ ಮಾಡೆಲ್ ಬದಲು ಡೀಸೆಲ್ ಮಾಡೆಲ್‌ನ ಪಾರ್ಟ್ ಆರ್ಡರ್ ಮಾಡಿದ್ರೆ ಈ ರಕ್ಷಣೆ ಸಿಗಲ್ಲ, ಅಲ್ಲಿ ಕಂಪನಿಯ ರಿಟರ್ನ್ ಪಾಲಿಸಿನೇ ಕೊನೆ.

"ನಿಮ್ಮ ಖರ್ಚಲ್ಲೇ ದೆಹಲಿಗೆ ಕಳಿಸಿ" ಅಂದ್ರೆ? ಬೇರೆ ಒಪ್ಪಂದ ಇಲ್ಲದಿದ್ರೆ, ತಿರಸ್ಕರಿಸಿದ ಸರಕನ್ನು ವಾಪಸ್ ಕಳಿಸೋ ಜವಾಬ್ದಾರಿ ನಿಮ್ಮದಲ್ಲ, ತಿಳಿಸಿದ್ರೆ ಸಾಕು. ಇದು ಅದೇ 1930ರ ಕಾಯ್ದೆಯ 43ನೇ ಸೆಕ್ಷನ್. ಆ ಬೇರೆ ಒಪ್ಪಂದ ಅನ್ನೋದು ರಿಟರ್ನ್ ಪಾಲಿಸಿಯ ಸಣ್ಣ ಅಕ್ಷರದಲ್ಲಿ ಇರಬಹುದು, ಓದಿ. ಪಿಕಪ್‌ಗೆ ಬಂದವರಿಗೆ ಕೊಡುವಾಗಲೂ ಫೋಟೋ ತೆಗೆದು ರಸೀದಿ ಇಸ್ಕೊಳ್ಳಿ.

ಒಪ್ಪಲಿಲ್ಲ ಅಂದ್ರೆ

ಮೊದಲು 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅವರು ಕಂಪನಿಗೆ ದೂರು ತಲುಪಿಸಿ ರಾಜಿ ಮಾಡಿಸೋಕೆ ನೋಡ್ತಾರೆ, ಆದ್ರೆ ಆದೇಶ ಹೊರಡಿಸಲ್ಲ. ಆದೇಶ ಬೇಕು ಅಂದ್ರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗಬೇಕು.

ನಮ್ಮಂಥ ಊರಿನವರಿಗೆ ದೊಡ್ಡ ಬದಲಾವಣೆ ಆಗಿರೋದು ಇಲ್ಲೇ. 1986ರ ಹಳೇ ಕಾಯ್ದೆಯಲ್ಲಿ ಎದುರು ಪಕ್ಷದವರು ಇರೋ ಕಡೆ ಅಥವಾ ವ್ಯವಹಾರದ ಕಾರಣ ಹುಟ್ಟಿದ ಕಡೆ ಕೇಸ್ ಹಾಕಬೇಕಿತ್ತು. ಜುಲೈ 2020ರಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸ ಮಾಡೋ ಜಿಲ್ಲೆಯಲ್ಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ರೆ ಶುಲ್ಕವೇ ಇಲ್ಲ. ವಕೀಲರು ಕಡ್ಡಾಯ ಅಲ್ಲ. 2025ರ ಜನವರಿ 1ರಂದು ಶುರುವಾದ ಇ-ಜಾಗೃತಿ ಪೋರ್ಟಲ್‌ನಲ್ಲಿ ಫೋನ್‌ನಿಂದಲೇ ದೂರು ಸಲ್ಲಿಸಬಹುದು. ಗಡುವು ಎರಡು ವರ್ಷ.

ಒಳಗಿನ ದೋಷ ಪರೀಕ್ಷೆ ಮಾಡದೆ ಗೊತ್ತಾಗಲ್ಲ ಅನ್ನಿಸಿದ್ರೆ ಆಯೋಗ ಪಾರ್ಟನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಅದಕ್ಕೇ ಬಂದದ್ದು ಬಂದ ಹಾಗೇ ಎತ್ತಿಡಿ ಅನ್ನೋದು, ಬಾಕ್ಸ್ ಸಮೇತ. ಪರೀಕ್ಷೆಯ ಶುಲ್ಕವನ್ನ ನಿಮ್ಮಿಂದ ಮೊದಲು ಕಟ್ಟಿಸ್ಕೋಬಹುದು, ಲೆಕ್ಕದಲ್ಲಿಟ್ಕೊಳ್ಳಿ. ಪರೀಕ್ಷೆ ಬೇಕಾದ ಕೇಸನ್ನು ಐದು ತಿಂಗಳೊಳಗೆ, ಬೇಡದ್ದನ್ನು ಮೂರು ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತೆ. ಕಾಗದದ ಮೇಲಿನ ಗಡುವು ಅದು, ತಾಳ್ಮೆ ಬೇಕಾಗುತ್ತೆ.

ಕ್ಯಾಬ್ ಓಡಿಸೋರಿಗೆ

ದೇವನಹಳ್ಳಿ ಏರ್‌ಪೋರ್ಟ್‌ಗೆ ಕ್ಯಾಬ್ ಓಡಿಸೋರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ ಇದಾರೆ. "ನಿಮ್ಮದು ಬಿಸಿನೆಸ್, ನೀವು ಗ್ರಾಹಕರಲ್ಲ" ಅಂತ ಯಾರಾದ್ರೂ ಹೇಳಿದ್ರೆ ಹೆದರಬೇಡಿ. ಸ್ವಯಂ ಉದ್ಯೋಗದಿಂದ ಜೀವನ ನಡೆಸೋಕೆ ಮಾತ್ರ ಕೊಂಡು ಬಳಸಿದ್ರೆ ಅದು ವಾಣಿಜ್ಯ ಉದ್ದೇಶ ಅಲ್ಲ ಅಂತ ಕಾಯ್ದೆಯೇ ಹೇಳುತ್ತೆ. ಹೊಟ್ಟೆಪಾಡಿಗೆ ತಾನೇ ಆಟೋ ಓಡಿಸೋಕೆ ಆಟೋ ಕೊಂಡವರೂ ಗ್ರಾಹಕರೇ ಅಂತ 1995ರಲ್ಲೇ ಸುಪ್ರೀಂ ಕೋರ್ಟ್ ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಹೇಳಿದೆ. ಮರುಮಾರಾಟಕ್ಕೆ ಪಾರ್ಟ್ ತರಿಸೋ ಗ್ಯಾರೇಜಿನವರಿಗೆ ಮಾತ್ರ ಈ ದಾರಿ ಇಲ್ಲ.

ಆ್ಯಪ್‌ನಲ್ಲಿ ಸಿಗುತ್ತೆ ಅಂದ ಮಾತ್ರಕ್ಕೆ ಯಾರೋ ಪರೀಕ್ಷೆ ಮಾಡಿರ್ತಾರೆ ಅಂತಲೂ ನಂಬಬೇಡಿ. ಸೀಟ್ ಬೆಲ್ಟ್ ಅಲಾರಂ ಬಾಯಿ ಮುಚ್ಚಿಸೋ ಕ್ಲಿಪ್‌ಗಳನ್ನ ಮಾರ್ತಿದ್ದ ಐದು ಇ-ಕಾಮರ್ಸ್ ಕಂಪನಿಗಳ ಮೇಲೆ 2023ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶ ಹೊರಡಿಸಿತು. ಆಗ ಅವುಗಳಿಂದ ತೆಗೆಸಿದ ಪಟ್ಟಿಗಳು ಸುಮಾರು 13,118. ಜೀವಕ್ಕೆ ಅಪಾಯ ತರೋ ಒಂದೇ ಒಂದು ಬಗೆಯ ವಸ್ತುವಿನ ಲೆಕ್ಕ ಇದು.

ಕೊನೇದಾಗಿ ಒಂದು ಮಾತು. ಬಂಪರ್ ಸ್ವಲ್ಪ ಗೀರಿದ್ರೆ ದುಡ್ಡಿನ ಪ್ರಶ್ನೆ ಅಷ್ಟೇ. ಬ್ರೇಕ್, ಸ್ಟೀರಿಂಗ್, ಸಸ್ಪೆನ್ಷನ್, ಟೈರ್ ಈ ನಾಲ್ಕರಲ್ಲಿ ಅನುಮಾನ ಬಂದ್ರೆ ರೀಫಂಡ್ ತಡವಾದ್ರೂ ಪರವಾಗಿಲ್ಲ, ಅದನ್ನ ಕಾರಿಗೆ ಹಾಕಬೇಡಿ. ನಿಮ್ಮ ಮನೆಯಲ್ಲೀಗ ಬಿಚ್ಚದ ಬಾಕ್ಸ್ ಇದ್ರೆ, ಮೊದಲು ಕ್ಯಾಮೆರಾ ಆನ್ ಮಾಡಿ, ಆಮೇಲೆ ಕತ್ತರಿ ತಗೊಳ್ಳಿ.