ಯುಎಸ್‌ಟಿಎ ಲೀಗ್

ಯುಎಸ್‌ಟಿಎ ಲೀಗ್ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಯಸ್ಕ ಹವ್ಯಾಸಿ ಆಟಗಾರರಿಗಾಗಿ ನಡೆಯುವ ತಂಡ ಟೆನಿಸ್ ಸ್ಪರ್ಧೆಯಾಗಿದೆ. ಅಮೆರಿಕದ ಟೆನಿಸ್ ಆಡಳಿತ ಸಂಸ್ಥೆಯಾದ ಯುನೈಟೆಡ್ ಸ್ಟೇಟ್ಸ್ ಟೆನಿಸ್ ಅಸೋಸಿಯೇಷನ್ (ಯುಎಸ್‌ಟಿಎ) ಇದನ್ನು 1980ರಲ್ಲಿ ಆರಂಭಿಸಿತು. ಆಟಗಾರರನ್ನು ವಯಸ್ಸು, ಲಿಂಗ ಹಾಗೂ ಆಟದ ಸಾಮರ್ಥ್ಯದ ದರ್ಜೆಗೆ ಅನುಗುಣವಾಗಿ ವಿಂಗಡಿಸಿ, ಸಮಾನ ಸಾಮರ್ಥ್ಯದ ತಂಡಗಳು ಪರಸ್ಪರ ಸೆಣಸುವಂತೆ ಮಾಡುವುದು ಇದರ ಮೂಲ ತತ್ತ್ವ. ಊರಿನ ಸಾರ್ವಜನಿಕ ಉದ್ಯಾನದ ಅಂಕಣದಲ್ಲಿ ಆರಂಭವಾಗುವ ಸ್ಪರ್ಧೆಯು ಹಂತಹಂತವಾಗಿ ಸಾಗಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಕೊನೆಗೊಳ್ಳುತ್ತದೆ. ವಿಜೇತರಿಗೆ ಬಹುಮಾನದ ಹಣವಿರುವುದಿಲ್ಲ. ಸ್ಥಳೀಯ ಪಂದ್ಯಗಳಿಗೆ ಸಾಮಾನ್ಯವಾಗಿ ತೀರ್ಪುಗಾರರೂ ಇರುವುದಿಲ್ಲ.

ಹಿನ್ನೆಲೆ

ಯುಎಸ್‌ಟಿಎ 1881ರಲ್ಲಿ ಸ್ಥಾಪನೆಯಾದ ಸಂಸ್ಥೆ. ನ್ಯೂಯಾರ್ಕ್ ನಗರದಲ್ಲಿ ಪ್ರತಿವರ್ಷ ನಡೆಯುವ ಯುಎಸ್ ಓಪನ್ ಇದೇ ಸಂಸ್ಥೆಗೆ ಸೇರಿದೆ. ಲೀಗ್ ಆರಂಭವಾದಾಗ ಸಂಸ್ಥೆಯ ಮೂರು ಪ್ರಾದೇಶಿಕ ವಿಭಾಗಗಳಲ್ಲಿ ಸುಮಾರು 13,000 ಆಟಗಾರರಿದ್ದರು. ನಂತರದ ದಶಕಗಳಲ್ಲಿ ಈ ಸಂಖ್ಯೆ ಮೂರು ಲಕ್ಷವನ್ನು ದಾಟಿತು. ಈ ಬೆಳವಣಿಗೆಗೆ ಅಡಿಪಾಯವಾದದ್ದು 1970ರ ದಶಕದ ಕೊನೆಯಲ್ಲಿ ರೂಪುಗೊಂಡ ರಾಷ್ಟ್ರೀಯ ಟೆನಿಸ್ ದರ್ಜೆ ನಿರ್ಣಯ ಕ್ರಮ. ಇದನ್ನು ಎನ್‌ಟಿಆರ್‌ಪಿ ಎಂದು ಕರೆಯಲಾಗುತ್ತದೆ. ಅಪರಿಚಿತರಿಬ್ಬರು ಅಂಕಣಕ್ಕಿಳಿಯುವ ಮೊದಲೇ ಅವರ ಆಟ ಸರಿಸಾಟಿಯೇ ಎಂದು ತಿಳಿಯಲು ಒಂದು ಅಳತೆಗೋಲು ದೊರೆತದ್ದರಿಂದಲೇ ದೇಶವ್ಯಾಪಿ ಲೀಗ್ ಸಾಧ್ಯವಾಯಿತು.

ಆಡಳಿತ ಸ್ವರೂಪ

ಯುಎಸ್‌ಟಿಎಯಲ್ಲಿ 17 ಪ್ರಾದೇಶಿಕ ವಿಭಾಗಗಳಿವೆ. ಇವುಗಳ ಗಾತ್ರದಲ್ಲಿ ಬಹಳ ವ್ಯತ್ಯಾಸವಿದೆ. ಟೆಕ್ಸಾಸ್ ರಾಜ್ಯವೊಂದೇ ಒಂದು ವಿಭಾಗವಾಗಿದ್ದರೆ, ಜಾರ್ಜಿಯ, ಅಲಬಾಮ, ಟೆನೆಸ್ಸಿ ಮೊದಲಾದ ಒಂಬತ್ತು ರಾಜ್ಯಗಳು ಸೇರಿ ದಕ್ಷಿಣ ವಿಭಾಗವಾಗಿದೆ. ಕ್ಯಾಲಿಫೋರ್ನಿಯವು ಉತ್ತರ ಮತ್ತು ದಕ್ಷಿಣ ಎಂಬ ಎರಡು ವಿಭಾಗಗಳಲ್ಲಿ ಹಂಚಿಹೋಗಿದೆ. ಪ್ರತಿ ವಿಭಾಗದ ಕೆಳಗೆ ಜಿಲ್ಲೆಗಳು ಅಥವಾ ಪ್ರದೇಶಗಳು, ಅವುಗಳ ಕೆಳಗೆ ಸ್ಥಳೀಯ ಲೀಗ್‌ಗಳು ಬರುತ್ತವೆ. ವೇಳಾಪಟ್ಟಿ ತಯಾರಿಸುವುದು, ತಂಡಗಳನ್ನು ನೋಂದಾಯಿಸುವುದು, ಮಳೆಯಿಂದ ನಿಂತ ಪಂದ್ಯಗಳಿಗೆ ಹೊಸ ದಿನ ಗೊತ್ತುಪಡಿಸುವುದು ಸ್ಥಳೀಯ ಸಂಯೋಜಕರ ಕೆಲಸ.

ನಿಯಮಗಳೂ ಇದೇ ಶ್ರೇಣಿಯಲ್ಲಿವೆ. ಆಟದ ಮೂಲ ನಿಯಮಗಳು ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದವು. ಅವುಗಳ ಜೊತೆಗೆ ಆಟಗಾರರ ನಡವಳಿಕೆಯ ಸಂಹಿತೆ ಮತ್ತು ಯುಎಸ್‌ಟಿಎ ಕಟ್ಟಳೆಗಳನ್ನು ಸೇರಿಸಿ 'ಫ್ರೆಂಡ್ ಅಟ್ ಕೋರ್ಟ್' ಎಂಬ ಕೈಪಿಡಿಯನ್ನು ಪ್ರಕಟಿಸಲಾಗುತ್ತದೆ. ಲೀಗ್‌ಗೆ ಪ್ರತ್ಯೇಕವಾದ ರಾಷ್ಟ್ರೀಯ ನಿಯಮಾವಳಿ ಇದೆ. ವಿಭಾಗ ಮತ್ತು ಜಿಲ್ಲೆಗಳು ತಮ್ಮ ಅನುಕೂಲಕ್ಕೆ ತಕ್ಕಂತೆ ಪೂರಕ ನಿಯಮಗಳನ್ನು ಸೇರಿಸಬಹುದು. ಆದುದರಿಂದ ಒಂದು ಊರಿನಲ್ಲಿ ಸರಿಯಾದ ಕ್ರಮ ಪಕ್ಕದ ಜಿಲ್ಲೆಯಲ್ಲಿ ತಪ್ಪಾಗುವುದುಂಟು.

ಇಷ್ಟೆಲ್ಲ ಹಂತಗಳಿದ್ದರೂ ಲೀಗ್‌ನ ನಿತ್ಯದ ಭಾರ ಬೀಳುವುದು ತಂಡದ ನಾಯಕರ ಮೇಲೆ. ನಾಯಕರಿಗೆ ಸಂಭಾವನೆ ಇಲ್ಲ. ಆಟಗಾರರನ್ನು ಕೂಡಿಸುವುದು, ಯಾವ ದಿನ ಯಾರು ಲಭ್ಯ ಎಂದು ವಿಚಾರಿಸುವುದು, ತವರಿನ ಪಂದ್ಯವಾದರೆ ಅಂಕಣ ಕಾದಿರಿಸುವುದು, ಹೊಸ ಚೆಂಡುಗಳನ್ನು ಒದಗಿಸುವುದು, ಪಂದ್ಯದ ನಂತರ ಫಲಿತಾಂಶವನ್ನು ಯುಎಸ್‌ಟಿಎ ಜಾಲತಾಣದಲ್ಲಿ ದಾಖಲಿಸುವುದು ಅವರ ಹೊಣೆ. ಒಬ್ಬ ನಾಯಕರು ದಾಖಲಿಸಿದ ಫಲಿತಾಂಶವನ್ನು ಎದುರಾಳಿ ನಾಯಕರು ದೃಢಪಡಿಸಬೇಕು ಅಥವಾ ಆಕ್ಷೇಪಿಸಬೇಕು. ಆಟಗಾರರ ದರ್ಜೆಯನ್ನು ಲೆಕ್ಕಹಾಕುವುದು ಈ ದಾಖಲೆಗಳ ಆಧಾರದ ಮೇಲೆಯೇ ಆದ್ದರಿಂದ ಇಲ್ಲಿನ ತಪ್ಪು ಒಂದು ಪಂದ್ಯಕ್ಕೆ ಸೀಮಿತವಾಗಿ ಉಳಿಯುವುದಿಲ್ಲ.

ವಿಭಾಗಗಳು ಮತ್ತು ಪಂದ್ಯದ ಕ್ರಮ

18 ವರ್ಷ ಮೇಲ್ಪಟ್ಟವರು, 40 ವರ್ಷ ಮೇಲ್ಪಟ್ಟವರು, 55 ವರ್ಷ ಮೇಲ್ಪಟ್ಟವರು ಎಂಬ ವಯೋವಿಭಾಗಗಳು 2013ರಿಂದ ಜಾರಿಯಲ್ಲಿವೆ. ಇವುಗಳಲ್ಲಿ ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕ ಲೀಗ್‌ಗಳಿವೆ. ಮಿಶ್ರ ಡಬಲ್ಸ್ ಲೀಗ್ ಬೇರೆಯಾಗಿ ನಡೆಯುತ್ತದೆ. 40 ವರ್ಷದ ವಿಭಾಗದಲ್ಲಿ ಆಡಲು ಆ ಕ್ಯಾಲೆಂಡರ್ ವರ್ಷದೊಳಗೆ 40 ತುಂಬುವಂತಿದ್ದರೆ ಸಾಕು. ಆದರೆ 18ರ ವಿಭಾಗದಲ್ಲಿ ಮೊದಲ ಪಂದ್ಯಕ್ಕೆ ಮುನ್ನವೇ 18 ತುಂಬಿರಬೇಕು.

ಎರಡು ತಂಡಗಳ ನಡುವಿನ ಒಂದು ತಂಡ ಪಂದ್ಯದಲ್ಲಿ ಹಲವು ವೈಯಕ್ತಿಕ ಪಂದ್ಯಗಳಿರುತ್ತವೆ. 18 ವರ್ಷ ಮೇಲ್ಪಟ್ಟವರ 3.0ರಿಂದ 4.5ರವರೆಗಿನ ದರ್ಜೆಗಳಲ್ಲಿ ಸಾಮಾನ್ಯವಾಗಿ ಎರಡು ಸಿಂಗಲ್ಸ್ ಮತ್ತು ಮೂರು ಡಬಲ್ಸ್ ಪಂದ್ಯಗಳಿರುತ್ತವೆ. ಅಂದರೆ ಒಂದು ತಂಡಕ್ಕೆ ಎಂಟು ಆಟಗಾರರು ಬೇಕು. ಐದರಲ್ಲಿ ಮೂರನ್ನು ಗೆದ್ದ ತಂಡ ವಿಜಯಿ. 55 ವರ್ಷ ಮೇಲ್ಪಟ್ಟವರ ಹಾಗೂ ಮಿಶ್ರ ವಿಭಾಗಗಳಲ್ಲಿ ಮೂರು ಡಬಲ್ಸ್ ಮಾತ್ರ. ಮೊದಲ ಎರಡು ಸೆಟ್‌ಗಳನ್ನು ಇಬ್ಬರೂ ಹಂಚಿಕೊಂಡರೆ ಬಹುತೇಕ ಕಡೆ ಮೂರನೆಯ ಸೆಟ್ ಆಡಿಸದೆ 10 ಅಂಕಗಳ ಟೈಬ್ರೇಕ್‌ನಿಂದ ಫಲಿತಾಂಶ ನಿರ್ಧರಿಸಲಾಗುತ್ತದೆ. ಕನಿಷ್ಠ ಎರಡು ಅಂಕಗಳ ಅಂತರ ಅಗತ್ಯ.

ಆಟಗಾರರ ಪಟ್ಟಿಗಳನ್ನು ನಾಯಕರಿಬ್ಬರೂ ಪಂದ್ಯಕ್ಕೆ ಮುಂಚೆ ಏಕಕಾಲದಲ್ಲಿ ವಿನಿಮಯ ಮಾಡಿಕೊಳ್ಳುತ್ತಾರೆ. ಒಂದು ತಂಡ ಪಂದ್ಯದಲ್ಲಿ ಒಬ್ಬರು ಒಂದೇ ಸ್ಥಾನದಲ್ಲಿ ಆಡಬಹುದು. ವಿನಿಮಯದ ನಂತರ ಪಟ್ಟಿಯನ್ನು ಬದಲಿಸುವಂತಿಲ್ಲ. ಆಟ ಆರಂಭವಾಗುವ ಮುನ್ನ ಯಾರಿಗಾದರೂ ಗಾಯ, ಅನಾರೋಗ್ಯ ಅಥವಾ ಅನರ್ಹತೆ ಉಂಟಾದರೆ ಮಾತ್ರ ಬದಲಿ ಆಟಗಾರರಿಗೆ ಅವಕಾಶ. ಬಲಿಷ್ಠ ಜೋಡಿಯನ್ನು ಒಂದನೆಯ ಡಬಲ್ಸ್‌ನಲ್ಲೇ ಆಡಿಸಬೇಕೆಂಬ ನಿಯಮ ರಾಷ್ಟ್ರೀಯ ನಿಯಮಾವಳಿಯಲ್ಲಿ ಇಲ್ಲ. ಆದ್ದರಿಂದ ದುರ್ಬಲ ಜೋಡಿಯನ್ನು ಎದುರಾಳಿಯ ಶ್ರೇಷ್ಠ ಜೋಡಿಯ ಮುಂದೆ ಬಲಿಕೊಟ್ಟು ಉಳಿದ ಎರಡನ್ನು ಗೆಲ್ಲುವ ತಂತ್ರ ಲೀಗ್‌ನಲ್ಲಿ ಸಾಮಾನ್ಯ. ಇದು ನಿಯಮಬದ್ಧವಾದರೂ ಎಲ್ಲರಿಗೂ ಮೆಚ್ಚುಗೆಯ ಸಂಗತಿಯಲ್ಲ.

ದರ್ಜೆ ನಿರ್ಣಯ

ಎನ್‌ಟಿಆರ್‌ಪಿ ದರ್ಜೆಗಳು 1.0ರಿಂದ 7.0ರವರೆಗೆ ಅರ್ಧ ಅಂಕದ ಅಂತರದಲ್ಲಿವೆ. 1.0 ಎಂದರೆ ಆಗತಾನೇ ರಾಕೆಟ್ ಹಿಡಿದವರು, 7.0 ಎಂದರೆ ವಿಶ್ವಮಟ್ಟದ ವೃತ್ತಿಪರರು. ಲೀಗ್ ಆಟ ಮುಖ್ಯವಾಗಿ 2.5ರಿಂದ 5.0ರ ನಡುವೆ ನಡೆಯುತ್ತದೆ. 2.5 ದರ್ಜೆಯವರು ಚೆಂಡು ಎಲ್ಲಿ ಬೀಳುತ್ತದೆಂದು ಅಂದಾಜಿಸಲು ಕಲಿಯುತ್ತಿರುತ್ತಾರೆ. 3.5ರವರ ಹೊಡೆತಗಳಲ್ಲಿ ಸ್ಥಿರತೆ, ದಿಕ್ಕಿನ ನಿಯಂತ್ರಣ ಇರುತ್ತದೆ, ಆದರೆ ಆಳ ಮತ್ತು ವೈವಿಧ್ಯ ಸಾಲದು. 4.0ರವರು ಮಧ್ಯಮ ವೇಗದ ಚೆಂಡನ್ನು ಎರಡೂ ಬದಿಗಳಿಂದ ನಂಬಿಕೆಯಿಂದ ಆಳಕ್ಕೆ ಹೊಡೆಯಬಲ್ಲರು.

ಹೊರಗೆ ಕಾಣುವುದು ಅರ್ಧ ಅಂಕದ ದರ್ಜೆ ಮಾತ್ರ. ಒಳಗೆ ಗಣಕವು ಪ್ರತಿಯೊಬ್ಬರ ದರ್ಜೆಯನ್ನು ನೂರನೆಯ ಒಂದಂಶದವರೆಗೆ ಲೆಕ್ಕವಿಡುತ್ತದೆ: 3.01ರಿಂದ 3.50ರವರೆಗಿನ ಎಲ್ಲರೂ 3.5 ದರ್ಜೆಯವರೇ. ಹೀಗಾಗಿ ಒಂದೇ ದರ್ಜೆಯ ತುದಿ ಮತ್ತು ತಳದ ಆಟಗಾರರ ನಡುವೆ ಬಹಳ ಅಂತರವಿರಬಹುದು. ಲೆಕ್ಕದಲ್ಲಿ ಸೋಲು ಗೆಲುವಿಗಿಂತ ಗೇಮ್‌ಗಳ ಅಂತರಕ್ಕೆ ಹೆಚ್ಚು ಬೆಲೆ. ತನಗಿಂತ ಬಹಳ ಬಲಿಷ್ಠರ ಎದುರು 4-6, 4-6 ಸೋತವರ ಅಂಕ ಏರಬಹುದು. ದುರ್ಬಲರ ಎದುರು ಪ್ರಯಾಸದಿಂದ ಗೆದ್ದವರ ಅಂಕ ಇಳಿಯಬಹುದು. ಡಬಲ್ಸ್‌ನಲ್ಲಿ ಜೊತೆಗಾರರ ದರ್ಜೆಯೂ ಪರಿಗಣಿತವಾಗುತ್ತದೆ. ನೂರನೆಯ ಅಂಶದ ಈ ಅಂಕಗಳನ್ನು ಯುಎಸ್‌ಟಿಎ ಆಟಗಾರರಿಗೆ ತಿಳಿಸುವುದಿಲ್ಲ. ವರ್ಷಾಂತ್ಯದಲ್ಲಿ ಹೊಸ ದರ್ಜೆಗಳು ಪ್ರಕಟವಾಗುತ್ತವೆ. ಒಂದು ದರ್ಜೆ ಮೇಲೇರುವುದು ಗೌರವದ ವಿಷಯ, ಆದರೆ ವರ್ಷಗಟ್ಟಲೆ ಒಟ್ಟಿಗೆ ಆಡಿದ ತಂಡವನ್ನು ಬಿಡಬೇಕಾದ ಸಂದರ್ಭವೂ ಹೌದು. ಮೇಲ್ಮನವಿಗೆ ಅವಕಾಶವಿದ್ದು, ಅಂಕವು ಗಡಿರೇಖೆಗೆ ತೀರ ಸಮೀಪವಿದ್ದವರಿಗೆ ಮಾತ್ರ ಅದು ಸಾಮಾನ್ಯವಾಗಿ ಫಲಿಸುತ್ತದೆ.

ಹೊಸದಾಗಿ ಬರುವವರಿಗೆ ಪಂದ್ಯಗಳ ದಾಖಲೆಯೇ ಇರುವುದಿಲ್ಲ. ಅವರು ತಮ್ಮ ದರ್ಜೆಯನ್ನು ತಾವೇ ಘೋಷಿಸಿಕೊಳ್ಳಬೇಕು. ಇದಕ್ಕಾಗಿ ಒಂದು ಪ್ರಶ್ನಾವಳಿ ಇದೆ: ಪ್ರೌಢಶಾಲೆ ಅಥವಾ ಕಾಲೇಜು ತಂಡದಲ್ಲಿ ಆಡಿದ್ದಿರಾ, ವೃತ್ತಿಪರ ಶ್ರೇಯಾಂಕವಿತ್ತೇ, ಈಗಿನ ವಯಸ್ಸೆಷ್ಟು ಮುಂತಾದ ಪ್ರಶ್ನೆಗಳು. ಉತ್ತರಗಳ ಮೇಲೆ ಕನಿಷ್ಠ ದರ್ಜೆ ನಿಗದಿಯಾಗುತ್ತದೆ. ಇಡೀ ವ್ಯವಸ್ಥೆಯ ಅತಿ ದುರ್ಬಲ ಕೊಂಡಿ ಇದೇ.

ದರ್ಜೆ ಮರೆಮಾಚುವಿಕೆ

ನಿಜವಾದ ಸಾಮರ್ಥ್ಯಕ್ಕಿಂತ ಕೆಳಗಿನ ದರ್ಜೆಯಲ್ಲಿ ಆಡುವುದನ್ನು ಅಮೆರಿಕದ ಆಟಗಾರರು 'ಸ್ಯಾಂಡ್‌ಬ್ಯಾಗಿಂಗ್' ಎನ್ನುತ್ತಾರೆ. ಪ್ರಶ್ನಾವಳಿಗೆ ಸುಳ್ಳು ಉತ್ತರ ಕೊಡುವುದು ಒಂದು ಬಗೆ. ಗೆಲ್ಲುವ ಪಂದ್ಯದಲ್ಲಿ ಬೇಕೆಂದೇ ಕೆಲವು ಗೇಮ್‌ಗಳನ್ನು ಬಿಟ್ಟುಕೊಟ್ಟು ಅಂಕ ಏರದಂತೆ ನೋಡಿಕೊಳ್ಳುವುದು ಇನ್ನೊಂದು ಬಗೆ. ಎರಡನೆಯದನ್ನು ಸಾಬೀತುಪಡಿಸುವುದು ಬಹಳ ಕಷ್ಟ. ವಾರಪೂರ್ತಿ ದುಡಿದು ಶನಿವಾರ ತನ್ನ ಸರಿಸಮಾನರೊಡನೆ ಆಡಲು ಬಂದ 3.5 ದರ್ಜೆಯವರು, ಕಾಲೇಜು ತಂಡದ ಮಾಜಿ ಆಟಗಾರರೊಬ್ಬರ ಎದುರು ಅರ್ಧ ಗಂಟೆಯಲ್ಲಿ 0-6, 0-6 ಸೋತು ಮನೆಗೆ ಹೋಗುವಂತಾದರೆ ಲೀಗ್‌ನ ಉದ್ದೇಶವೇ ವಿಫಲವಾಗುತ್ತದೆ.

ಇದನ್ನು ತಡೆಯಲು ಇರುವ ಮುಖ್ಯ ಸಾಧನ 'ಮೂರು ಸ್ಟ್ರೈಕ್' ನಿಯಮ. ಸ್ವಯಂಘೋಷಿತ ದರ್ಜೆಯವರ ಅಂಕವು ಆ ದರ್ಜೆಯ ಮೇಲ್ಮಿತಿಯನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚಾಗಿ ಮೂರು ಬಾರಿ ದಾಟಿದರೆ, ಅವರು ಋತುವಿನ ನಡುವೆಯೇ ಅನರ್ಹರಾಗಿ ಮೇಲಿನ ದರ್ಜೆಗೆ ವರ್ಗವಾಗುತ್ತಾರೆ. ಮೇಲ್ಮನವಿಯ ಮೂಲಕ ದರ್ಜೆ ಇಳಿಸಿಕೊಂಡವರಿಗೂ ಇದು ಅನ್ವಯಿಸುತ್ತದೆ. ವರ್ಷಾಂತ್ಯದ ಗಣಕ ದರ್ಜೆ ಪಡೆದವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅವರು ಆ ವರ್ಷ ಎಷ್ಟು ಸುಧಾರಿಸಿದರೂ ಅದು ನ್ಯಾಯವಾದ ಪ್ರಗತಿಯೆಂದೇ ಪರಿಗಣಿತವಾಗುತ್ತದೆ. ಅನರ್ಹರಾದವರು ಗೆದ್ದ ಪಂದ್ಯಗಳ ಫಲಿತಾಂಶವನ್ನು ಎದುರಾಳಿಗಳ ಪರವಾಗಿ ಬದಲಿಸಲು ನಿಯಮಗಳಲ್ಲಿ ಅವಕಾಶವಿದೆ. ಆಗ ದಂಡ ತೆರುವುದು ಒಬ್ಬರಲ್ಲ, ಇಡೀ ತಂಡ. ನಿಜವಾಗಿಯೂ ಬೇಗನೆ ಕಲಿತ ಹೊಸಬರು ಈ ಬಲೆಗೆ ಬೀಳುವುದೂ ಉಂಟು. ಗಣಕಕ್ಕೆ ಪ್ರಾಮಾಣಿಕ ಸುಧಾರಣೆಗೂ ಮರೆಮಾಚಿದ ಸಾಮರ್ಥ್ಯಕ್ಕೂ ವ್ಯತ್ಯಾಸ ತಿಳಿಯದು.

ಗಣಕಕ್ಕೆ ಸಿಗದ ಪ್ರಕರಣಗಳಲ್ಲಿ ಎದುರಾಳಿ ತಂಡದ ನಾಯಕರು ಲಿಖಿತ ದೂರು ಸಲ್ಲಿಸಬಹುದು. ದೂರು ಸಮಿತಿಯು ಸ್ವಯಂಘೋಷಣೆಯಲ್ಲಿ ಮುಚ್ಚಿಟ್ಟ ಸಂಗತಿಗಳಿವೆಯೇ ಎಂದು ಪರಿಶೀಲಿಸಿ, ಅನರ್ಹತೆಯಿಂದ ಅಮಾನತಿನವರೆಗೆ ಶಿಕ್ಷೆ ವಿಧಿಸಬಹುದು. ತಿಳಿದೂ ಸುಮ್ಮನಿದ್ದ ನಾಯಕರೂ ಶಿಕ್ಷೆಗೆ ಗುರಿಯಾಗಬಹುದು.

ತೀರ್ಪುಗಾರರಿಲ್ಲದ ಆಟ

ಸ್ಥಳೀಯ ಪಂದ್ಯಗಳಲ್ಲಿ ಗೆರೆಯ ತೀರ್ಪನ್ನು ಆಟಗಾರರೇ ನೀಡುತ್ತಾರೆ. ಇದಕ್ಕೆ ಆಧಾರ 'ದಿ ಕೋಡ್' ಎಂಬ ನಡವಳಿಕೆಯ ಸಂಹಿತೆ. ಪ್ರತಿಯೊಬ್ಬರೂ ತಮ್ಮ ಕಡೆಯ ಅಂಕಣದ ಗೆರೆಗಳಿಗೆ ತೀರ್ಪು ಕೊಡಬೇಕು. ಗೆರೆಯ ಯಾವುದೇ ಭಾಗವನ್ನು ಮುಟ್ಟಿದ ಚೆಂಡು ಒಳಗಿನದು. ಸಂಶಯವಿದ್ದರೆ ಅದರ ಲಾಭ ಎದುರಾಳಿಗೆ. 'ನನಗೆ ಸರಿಯಾಗಿ ಕಾಣಲಿಲ್ಲ, ಮತ್ತೊಮ್ಮೆ ಆಡೋಣ' ಎನ್ನುವುದು ಸೌಜನ್ಯವೆಂದು ತೋರಿದರೂ ಸಂಹಿತೆ ಅದನ್ನು ಒಪ್ಪುವುದಿಲ್ಲ: ಹೊರಗೆ ಬಿದ್ದದ್ದು ಖಚಿತವಾಗಿ ಕಾಣದಿದ್ದರೆ ಚೆಂಡು ಒಳಗೇ ಬಿದ್ದಿತೆಂದು ಅರ್ಥ. ಡಬಲ್ಸ್‌ನಲ್ಲಿ ಜೊತೆಗಾರರಿಬ್ಬರ ತೀರ್ಪು ಭಿನ್ನವಾದರೂ ಅಂಕ ಎದುರಾಳಿಗೆ ಸಲ್ಲುತ್ತದೆ. ಅಂಕಣದ ಹೊರಗೆ ನಿಂತ ಪ್ರೇಕ್ಷಕರನ್ನಾಗಲಿ ತಂಡದವರನ್ನಾಗಲಿ ಕೇಳುವಂತಿಲ್ಲ. ಪ್ರತಿ ಅಂಕಕ್ಕೂ ಮೊದಲು ಸರ್ವ್ ಮಾಡುವವರು ಅಂಕಗಳನ್ನು ಗಟ್ಟಿಯಾಗಿ ಹೇಳಬೇಕು. ಲೀಗ್‌ನಲ್ಲಿ ಏಳುವ ಜಗಳಗಳಲ್ಲಿ ಎಷ್ಟೋ ಈ ಸಣ್ಣ ಕರ್ತವ್ಯವನ್ನು ಮರೆತದ್ದರಿಂದ ಹುಟ್ಟಿದವು.

ತಡವಾಗಿ ಬಂದವರಿಗೆ ಯುಎಸ್‌ಟಿಎ ದಂಡನಾ ಕ್ರಮದಲ್ಲಿ ನಿಖರವಾದ ಲೆಕ್ಕವಿದೆ. ಐದು ನಿಮಿಷದೊಳಗಾದರೆ ಟಾಸ್ ಮತ್ತು ಒಂದು ಗೇಮ್, ಹತ್ತು ನಿಮಿಷದೊಳಗಾದರೆ ಟಾಸ್ ಮತ್ತು ಎರಡು, ಹದಿನೈದರೊಳಗಾದರೆ ಟಾಸ್ ಮತ್ತು ಮೂರು ಗೇಮ್‌ಗಳ ನಷ್ಟ. ಅದನ್ನೂ ಮೀರಿದರೆ ವಾಕ್‌ಓವರ್. ಸ್ಥಳೀಯ ಲೀಗ್‌ಗಳು ಇದನ್ನು ಸಡಿಲಿಸುವುದುಂಟು. ತಂಡಕ್ಕೆ ಆಟಗಾರರು ಸಾಲದಿದ್ದರೆ ವಾಕ್‌ಓವರನ್ನು ಕೆಳಗಿನ ಸ್ಥಾನದಿಂದಲೇ ಕೊಡಬೇಕು, ಅಂದರೆ ಮೂರನೆಯ ಡಬಲ್ಸ್ ಬಿಡದೆ ಎರಡನೆಯದನ್ನು ಬಿಡುವಂತಿಲ್ಲ.

ಚಾಂಪಿಯನ್‌ಷಿಪ್‌ಗಳು

ಸ್ಥಳೀಯ ಲೀಗ್‌ನ ಕೊನೆಯಲ್ಲಿ ತಂಡ ಪಂದ್ಯಗಳ ಗೆಲುವು ಸಮನಾದರೆ ವೈಯಕ್ತಿಕ ಪಂದ್ಯಗಳ ಗೆಲುವು, ಪರಸ್ಪರ ಪಂದ್ಯದ ಫಲಿತಾಂಶ, ಕಳೆದುಕೊಂಡ ಸೆಟ್‌ಗಳು ಮತ್ತು ಗೇಮ್‌ಗಳು ಕ್ರಮವಾಗಿ ಪರಿಗಣನೆಗೆ ಬರುತ್ತವೆ. ವಿಜೇತ ತಂಡ ಜಿಲ್ಲಾ ಹಂತ, ನಂತರ ವಿಭಾಗೀಯ ಹಂತ, ಅಲ್ಲಿಂದ ರಾಷ್ಟ್ರೀಯ ಹಂತಕ್ಕೆ ಹೋಗುತ್ತದೆ. ಮುಂದಿನ ಹಂತಗಳಲ್ಲಿ ಆಡಬೇಕಾದರೆ ಸ್ಥಳೀಯ ಲೀಗ್‌ನಲ್ಲಿ ಅದೇ ತಂಡದ ಪರವಾಗಿ ಕನಿಷ್ಠ ಎರಡು ಪಂದ್ಯಗಳನ್ನು ಆಡಿರಬೇಕು. ಕೊನೆಯ ಗಳಿಗೆಯಲ್ಲಿ ಹೊರಗಿನಿಂದ ಬಲಿಷ್ಠರನ್ನು ಕರೆತರುವುದನ್ನು ಈ ನಿಯಮ ತಡೆಯುತ್ತದೆ.

ರಾಷ್ಟ್ರೀಯ ಚಾಂಪಿಯನ್‌ಷಿಪ್ ತಲುಪಿದ ತಂಡ ಮರುವರ್ಷ ಅದೇ ದರ್ಜೆಯಲ್ಲಿ ಹಾಗೆಯೇ ಮುಂದುವರಿಯುವಂತಿಲ್ಲ. ಒಂದೋ ಮೇಲಿನ ದರ್ಜೆಗೆ ಹೋಗಬೇಕು, ಇಲ್ಲವೇ ತಂಡ ಒಡೆದು ಕೆಲವರಷ್ಟೇ ಒಟ್ಟಿಗೆ ಉಳಿಯಬೇಕು. ಗೆದ್ದದ್ದಕ್ಕೆ ಶಿಕ್ಷೆಯೇ ಎಂದು ಹಳೆಯ ತಂಡಗಳು ಈ ನಿಯಮವನ್ನು ಟೀಕಿಸುತ್ತವೆ. ಅದೇ ಊರಿನ ಉಳಿದ ತಂಡಗಳು ಇದನ್ನು ಬಲವಾಗಿ ಬೆಂಬಲಿಸುತ್ತವೆ.

ಇತರ ಲೀಗ್‌ಗಳು

ಯುಎಸ್‌ಟಿಎ ಲೀಗ್‌ಗೆ ಹೊರತಾದ ದೊಡ್ಡ ಹವ್ಯಾಸಿ ಲೀಗ್‌ಗಳೂ ಅಮೆರಿಕದಲ್ಲಿವೆ. 1934ರಲ್ಲಿ ಸ್ಥಾಪನೆಯಾದ ಅಟ್ಲಾಂಟ ಲಾನ್ ಟೆನಿಸ್ ಅಸೋಸಿಯೇಷನ್ ಇವುಗಳಲ್ಲಿ ಪ್ರಸಿದ್ಧ. ಅಲ್ಲಿನ ತಂಡ ಪಂದ್ಯಗಳು ಡಬಲ್ಸ್ ಪ್ರಧಾನವಾಗಿದ್ದು, ಆಟಗಾರರಿಗೆ ಎನ್‌ಟಿಆರ್‌ಪಿ ದರ್ಜೆಯ ಬದಲು ತಂಡಗಳಿಗೇ ಎಎ, ಎ, ಬಿ, ಸಿ ಎಂಬ ಶ್ರೇಣಿಗಳನ್ನು ಕೊಡಲಾಗುತ್ತದೆ. ಜೋಡಿಗಳನ್ನು ಸಾಮರ್ಥ್ಯದ ಕ್ರಮದಲ್ಲೇ ಆಡಿಸಬೇಕೆಂಬುದು ಅಲ್ಲಿನ ಕಟ್ಟಳೆ.