ಪಟ್ಟೆಯ ಡಿಸ್ಕು ಏಕೆ ಕಾಣಿಸದು?

ಇಬ್ಬರು ಲಿಪಿಕಾರರು ಒಂದೇ ಗ್ರಂಥವನ್ನು ನಕಲು ಮಾಡುತ್ತಿರುವರೆಂದು ಭಾವಿಸೋಣ. ಒಂದನೆಯ ಓಲೆಯನ್ನು ಮೊದಲನೆಯವನು ಬರೆಯುತ್ತಿರುವಾಗಲೇ ಎರಡನೆಯ ಓಲೆಯನ್ನು ಮತ್ತೊಬ್ಬನು ಬರೆಯುತ್ತಾನೆ. ಮೂರನೆಯದು ಪುನಃ ಮೊದಲನೆಯವನ ಪಾಲಿಗೆ. ಕೆಲಸವು ಸುಮಾರು ಅರ್ಧ ಕಾಲದಲ್ಲಿ ಮುಗಿಯುವುದು ನಿಜ. ಆದರೆ ಒಬ್ಬನ ಕಟ್ಟು ಹೊಳೆಯ ಪಾಲಾಯಿತೆಂದರೆ ಉಳಿಯುವುದು ಅರ್ಧ ಗ್ರಂಥವಲ್ಲ; ವಾಕ್ಯವಾಕ್ಯವೂ ತುಂಡಾದ, ಯಾರಿಗೂ ಓದಲಾಗದ ಗರಿಗಳ ರಾಶಿ.

ಗಣಕಯಂತ್ರದಲ್ಲಿ ಡಿಸ್ಕುಗಳನ್ನು 'ಪಟ್ಟೆ'ಯ ಕ್ರಮದಲ್ಲಿ ಜೋಡಿಸುವುದೆಂದರೆ ಇದೇ. ಮಾಹಿತಿಯನ್ನು 64 ಅಥವಾ 128 ಕಿಲೋಬೈಟುಗಳಂತಹ ತುಂಡುಗಳನ್ನಾಗಿ ಕತ್ತರಿಸಿ, ಸರದಿಯಂತೆ ಒಂದೊಂದು ಡಿಸ್ಕಿಗೂ ಹಂಚಲಾಗುವುದು. ಇದಕ್ಕೆ ರೇಡ್ ಸೊನ್ನೆ ಎಂದು ಹೆಸರು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕ್ಯಾಟ್ಸ್ ಎಂಬ ಮೂವರು ಅಗ್ಗದ ಡಿಸ್ಕುಗಳ ಸಮೂಹವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಅದರಲ್ಲಿದ್ದುದು ಒಂದರಿಂದ ಐದರವರೆಗಿನ ದರ್ಜೆಗಳು. ಆ ಐದರಲ್ಲಿಯೂ ಡಿಸ್ಕೊಂದು ಕೆಟ್ಟರೆ ಮಾಹಿತಿಯನ್ನು ಉಳಿಸಿಕೊಳ್ಳುವ ಉಪಾಯವಿತ್ತು. ಅಂತಹ ಉಪಾಯವೇ ಇಲ್ಲದ ಈ ಜೋಡಣೆಗೆ ಸೊನ್ನೆಯೆಂಬ ಅಂಕೆ ಆಮೇಲೆ ಅಂಟಿಕೊಂಡಿತು. ಇದಕ್ಕಿಂತ ತಕ್ಕ ಹೆಸರು ದೊರೆಯಲಾರದು.

ವೇಗದ ಆಸೆಯಿಂದ ಇದರ ಮೇಲೆ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಹೊರಟವನಿಗೆ ಒಂದು ವಿಸ್ಮಯ ಕಾದಿರುತ್ತದೆ. ಯಂತ್ರವನ್ನು ಚಾಲೂ ಮಾಡಿದೊಡನೆ ಪರದೆಯ ಮೇಲೆ ಸಮೂಹವೂ ಅದರ ಪೂರ್ಣ ಗಾತ್ರವೂ ಸರಿಯಾಗಿ ಕಾಣಿಸುತ್ತವೆ. ಅನಂತರ ಸ್ಥಾಪನೆಯ ತಂತ್ರಾಂಶವು ಡಿಸ್ಕೇ ಇಲ್ಲವೆನ್ನುತ್ತದೆ. ಇಲ್ಲವೆ ಎರಡು ಬೇರೆ ಬೇರೆ ಡಿಸ್ಕುಗಳನ್ನು ತೋರಿಸುತ್ತದೆ. ಇವೆರಡರಲ್ಲಿ ಯಾವುದು ಸುಳ್ಳು?

ಯಾವುದೂ ಅಲ್ಲ. ಸಾಧಾರಣ ಗಣಕಗಳ ಮಾತೃಫಲಕದಲ್ಲಿರುವ ರೇಡ್ ಬಹುಮಟ್ಟಿಗೆ ಒಂದು ಒಪ್ಪಂದವೇ ಹೊರತು ಯಂತ್ರಭಾಗವಲ್ಲ. ಯಾವ ಡಿಸ್ಕು ಮೊದಲನೆಯದು, ಪಟ್ಟೆಯ ಅಳತೆ ಎಷ್ಟು ಎಂಬ ವಿವರವನ್ನು ಸಾಮಾನ್ಯವಾಗಿ ಪ್ರತಿಯೊಂದು ಡಿಸ್ಕಿನ ಕೊನೆಯಲ್ಲಿ ಬರೆದಿಟ್ಟಿರುತ್ತದೆ. ಮೊದಲು ಎಚ್ಚರಗೊಳ್ಳುವ ಬಯಾಸ್ ಅದನ್ನು ಓದಬಲ್ಲುದು. ಆದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು ಅಧಿಕಾರ ವಹಿಸಿಕೊಂಡ ಬಳಿಕ ಬಯಾಸಿನ ಮಧ್ಯಸ್ಥಿಕೆಯನ್ನು ಬಿಟ್ಟು ಡಿಸ್ಕುಗಳೊಡನೆ ನೇರವಾಗಿ ವ್ಯವಹರಿಸುತ್ತದೆ. ಒಪ್ಪಂದವನ್ನು ಬಲ್ಲ ಡ್ರೈವರ್ ಅದರ ಬಳಿ ಇಲ್ಲದಿದ್ದರೆ ಜೋಡಣೆಯು ಅದಕ್ಕೆ ಅಗೋಚರ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇದು ದೊಡ್ಡ ಪೇಚಾಟವಾಗಿತ್ತು: ಸ್ಥಾಪನೆಯ ಆರಂಭದ ಕೆಲವೇ ಕ್ಷಣಗಳೊಳಗೆ ಎಫ್6 ಕೀಲಿಯನ್ನೊತ್ತಿ ಡ್ರೈವರನ್ನು ಫ್ಲಾಪಿಯಿಂದ ಉಣಿಸಬೇಕಾಗಿತ್ತು, ಫ್ಲಾಪಿಯೇ ಕಣ್ಮರೆಯಾಗುತ್ತಿದ್ದ ದಿನಗಳಲ್ಲಿ! ವಿಸ್ಟಾದಿಂದೀಚೆಗೆ ಯುಎಸ್‌ಬಿ ಕಡ್ಡಿಯಿಂದಲೂ ಕೊಡಬಹುದು. ಲಿನಕ್ಸಿನಲ್ಲಿ ಎಂಡಿಎಡಿಎಂ ಎಂಬ ಉಪಕರಣವು ಇಂಟೆಲ್ ಮಾದರಿಯ ಒಪ್ಪಂದವನ್ನು ಓದಬಲ್ಲುದು.

ಮತ್ತೊಂದು ತೊಡಕು ಲೆಕ್ಕಾಚಾರದ್ದು. ಹಳೆಯ ಎಂಬಿಆರ್ ವಿಭಾಗಪಟ್ಟಿಯು 32 ದ್ವಿಮಾನ ಅಂಕಗಳಿಂದ ಖಂಡಗಳನ್ನು ಎಣಿಸುತ್ತದೆ. ಖಂಡವೊಂದಕ್ಕೆ 512 ಬೈಟುಗಳಾದರೆ ಎಣಿಕೆ ಸುಮಾರು 2.2 ಟೆರಾಬೈಟಿಗೆ ನಿಂತುಹೋಗುತ್ತದೆ. 2 ಟೆರಾಬೈಟಿನ ಡಿಸ್ಕು ಒಂಟಿಯಾಗಿದ್ದಾಗ ಗಡಿಯೊಳಗೇ ಇತ್ತು. ಎರಡನ್ನು ಕೂಡಿಸಿದೊಡನೆ ಗಡಿ ದಾಟಿತು. ಆಗ ಜಿಪಿಟಿ ಪಟ್ಟಿಯೂ, ವಿಂಡೋಸ್ ಆದರೆ ಯುಇಎಫ್‌ಐ ಕ್ರಮದ ಪ್ರಾರಂಭವೂ ಬೇಕು.

ಸ್ಥಾಪನೆಯಾಗಿ ವರ್ಷಗಳಾದ ಮೇಲೂ ಸಮೂಹವು ಕಾಣೆಯಾಗುವುದುಂಟು. ಆಗ ಮೊದಲು ಬಯಾಸಿನಲ್ಲಿ ಡಿಸ್ಕುಗಳ ಕ್ರಮವು ರೇಡ್ ಎಂದೇ ಇದೆಯೆ ಎಂದು ನೋಡಬೇಕು. ಅಲ್ಲಿಯವರೆಗೆ ಡಿಸ್ಕಿನ ಮೇಲೆ ಒಂದಕ್ಷರವನ್ನೂ ಬರೆಯಕೂಡದು. ನನಗೆ ಪರಿಚಿತನಾದ ವಿದ್ಯಾರ್ಥಿಯೊಬ್ಬನು ಪ್ರಬಂಧಕ್ಕಾಗಿ ತೆಗೆದ ಛಾಯಾಚಿತ್ರಗಳನ್ನೆಲ್ಲ ಇಂತಹ ಜೋಡಣೆಯಲ್ಲಿಟ್ಟಿದ್ದನು, ಬೇರೆ ನಕಲಿರಲಿಲ್ಲ. ಮಾತೃಫಲಕದ ಬ್ಯಾಟರಿ ಸತ್ತಿತೆಂದು ಹೊಸದನ್ನು ಹಾಕಿಸಿದಾಗ ಬಯಾಸ್ ಮೂಲಸ್ಥಿತಿಗೆ ಮರಳಿ, ಕ್ರಮವು ಎಎಚ್‌ಸಿಐ ಎಂದಾಯಿತು. ಯಂತ್ರ ಏಳಲಿಲ್ಲ. ವ್ಯವಸ್ಥೆಯೇ ಕೆಟ್ಟಿತೆಂದು ಬಗೆದು ಅವನು ಪುನಃ ಸ್ಥಾಪಿಸಹೊರಟನು. ಎರಡು ಡಿಸ್ಕುಗಳು ಬೇರೆ ಬೇರೆಯಾಗಿ ತೋರಿದುವು, ಎರಡನೆಯದು ಬರಿದಾಗಿತ್ತು. ವಿಭಾಗಪಟ್ಟಿಯು ಮೊದಲ ಡಿಸ್ಕಿನ ತಲೆಯಲ್ಲಿರುವುದರಿಂದ ಮತ್ತೊಂದು ಹಾಗೆ ಕಾಣುವುದು ಸಹಜ. ಬರಿದಾದುದರ ಮೇಲೆ ಬರೆದರೇನು ನಷ್ಟವೆಂದು ಅವನು ಒಪ್ಪಿಗೆಯ ಗುಂಡಿಯನ್ನೊತ್ತಿದನು.

ಮರುದಿನ ನಾನು ಕ್ರಮವನ್ನು ರೇಡ್‌ಗೆ ಮರಳಿಸಿದೆನು. ಸಮೂಹವು ಹಳೆಯ ಹೆಸರಿನೊಡನೆ, ಪೂರ್ಣ ಗಾತ್ರದಲ್ಲಿ ಪರದೆಯ ಮೇಲೆ ಮೂಡಿತು. ಉದ್ಧಾರದ ತಂತ್ರಾಂಶದಿಂದ ಹುಡುಕಿಸಿದಾಗ, ಹೊಸ ವ್ಯವಸ್ಥೆಯು ತುಳಿಯದ ಭಾಗದ ಚಿತ್ರಗಳು ದೊರೆತುವು. ತುಳಿದ ಭಾಗದವುಗಳಲ್ಲಿ ಮೇಲೆ ಒಂದು ಪಟ್ಟಿಯಷ್ಟು ಆಕಾಶ, ಕೆಳಗೆಲ್ಲ ಬೂದು ಬಣ್ಣ. ಒಂದು ಪಟ್ಟೆಗಿಂತ ಕಿರಿದಾಗಿ, ಮೊದಲ ಡಿಸ್ಕಿನ ಪಾಲಿಗೆ ಬಿದ್ದಿದ್ದ ಕೆಲವು ಮಾತ್ರ ಪೂರ್ತಿಯಾಗಿ ಉಳಿದಿದ್ದುವು.