ಎಣ್ಣೆಯ ಮೇಲೆ ನಿಂತ ಬಂಡಿ

ಬಂಡಿಗೂ ಎಣ್ಣೆಗೂ ನಂಟು ಹಳೆಯದು. ಯಾದಗಿರಿಯಿಂದ ಶಹಾಪುರಕ್ಕೆ, ಅಲ್ಲಿಂದ ಸುರಪುರಕ್ಕೆ ಬಂಡಿ ಕಟ್ಟಿ ಹೊರಡುತ್ತಿದ್ದ ನಮ್ಮ ಹಿರಿಯರು ಮೊದಲು ನೋಡುತ್ತಿದ್ದುದು ಕೀಲೆಣ್ಣೆಯನ್ನು. ಆದರೆ ಆ ಎಣ್ಣೆ ಅಚ್ಚನ್ನು ನುಣುಪು ಮಾಡುತ್ತಿತ್ತೇ ಹೊರತು ಭಾರ ಹೊರುತ್ತಿರಲಿಲ್ಲ. ಎಣ್ಣೆಯೇ ಭಾರ ಹೊರುವ ಬಂಡಿಗಳೂ ಉಂಟು.

ನಮ್ಮ ಬಂಧುವೊಬ್ಬರು ಟೊಯೊಟಾ ಲ್ಯಾಂಡ್ ಕ್ರೂಸರ್ 100 ಎಂಬ ಹಳೆಯ ಮೋಟಾರನ್ನು ಕೊಂಡರು. 1998ರಲ್ಲಿ ಹೊರಬಂದ ಈ ಶ್ರೇಣಿಯ ಕೆಲವು ಗಾಡಿಗಳಲ್ಲಿ ಗುಂಡಿ ಒತ್ತಿದರೆ ಮೈ ಮೇಲೇರುತ್ತದೆ, ಮತ್ತೊಮ್ಮೆ ಒತ್ತಿದರೆ ಇಳಿಯುತ್ತದೆ. ಮಳೆಗಾಲದ ಎರೆನೆಲದಲ್ಲಿ ಗಾಲಿಜಾಡು ಮೊಳದಾಳವಾದಾಗ ಇದು ವರವೇ ಸರಿ. ಆದರೆ ಕೆಲವು ತಿಂಗಳಲ್ಲಿ ಸವಾರಿ ಕಲ್ಲಿನಂತಾಯಿತು. “ಎಲ್ಲವನ್ನೂ ಕಿತ್ತುಹಾಕಿ” ಎಂದರು ರಿಪೇರಿಯವರೊಬ್ಬರು. ಮೋಟಾರು ಕೆಲಸದಲ್ಲಿ ಪಳಗಿದ ನನ್ನ ಹಳೆಯ ವಿದ್ಯಾರ್ಥಿ ಮಾತ್ರ, “ಗುರುಗಳೇ, ಮೊದಲು ಬೇನೆ ಯಾವುದೆಂದು ತಿಳಿಯೋಣ” ಎಂದ.

ಅವನು ವಿವರಿಸಿದ್ದು ಹೀಗೆ. ಈ ಏರ್ಪಾಡಿನಲ್ಲಿ ಮೂವರು ದುಡಿಯುತ್ತಾರೆ. ಭಾರದ ಬಹುಪಾಲನ್ನು ಹೊರುವುದು ಉಕ್ಕು: ಮುಂದೆ ತಿರುಚು ಸಲಾಕೆ, ಹಿಂದೆ ಸುರುಳಿ ಸ್ಪ್ರಿಂಗು. ಉಳಿದ ಭಾರವನ್ನು ಹೊತ್ತು ಮೈಯನ್ನು ಏರಿಸಿ ಇಳಿಸುವುದು ಎಣ್ಣೆ. ಮುಚ್ಚಿದ ದ್ರವದ ಮೇಲೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂದು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿಕೊಟ್ಟನು. ಪಂಪು ದುಡಿಯುವುದು ಆ ನಿಯಮದಿಂದಲೇ. ಆದರೆ ದ್ರವವು ಕುಗ್ಗದು, ಆದ್ದರಿಂದ ಮೆತ್ತಗಾಗದು. ಅದಕ್ಕಾಗಿ ನಾಲ್ಕು ಉಕ್ಕಿನ ಗೋಲಗಳಲ್ಲಿ ಪೊರೆಯ ಆಚೆಗೆ ಸಾರಜನಕ ಅನಿಲವನ್ನು ತುಂಬಿರುತ್ತಾರೆ. ಕುಲುಕನ್ನು ನುಂಗುವುದು ಈ ಅನಿಲ. ಎಣ್ಣೆ ಮತ್ತು ಅನಿಲಗಳ ಈ ಜೋಡಿಯನ್ನು ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1955ರಲ್ಲಿಯೇ ತನ್ನ ಡಿ.ಎಸ್. ಕಾರಿನಲ್ಲಿ ತೋರಿಸಿತ್ತು.

ಮೂವರಲ್ಲಿ ಯಾರು ಸೋತರೆಂದು ತಿಳಿಯುವುದು ಹೇಗೆ? ಗಾಡಿ ಏರುವುದೇ ಇಲ್ಲವಾದರೆ ಮೊದಲು ತೊಟ್ಟಿಯ ಎಣ್ಣೆಯನ್ನು ನೋಡಬೇಕು. ಬಳಿಕ ಗಾಡಿಯಡಿಯ ಎತ್ತರ ಅಳೆಯುವ ಸಣ್ಣ ತೋಳುಗಳನ್ನು. ಕೆಸರು, ತುಕ್ಕು ಹಿಡಿದು ಅವು ಅಲುಗದಿದ್ದರೆ ಯಂತ್ರದ ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಎಣ್ಣೆ ಮತ್ತೆ ಮತ್ತೆ ಕಡಮೆಯಾಗುತ್ತಿದ್ದರೆ ಕೊಳವೆಗಳಲ್ಲಿ ಜಿನುಗನ್ನು ಹುಡುಕಬೇಕು.

ಏರಿಳಿಯುತ್ತದೆ, ಆದರೆ ಸವಾರಿ ಗಡಸು ಎಂದಾದರೆ ಒಂದು ಸುಲಭ ಪರೀಕ್ಷೆಯುಂಟು. ಎಂಜಿನು ನಡೆಯುತ್ತಿರುವಾಗ ಗಾಡಿಯನ್ನು ಪೂರ್ತಿ ಏರಿಸಿ ತೊಟ್ಟಿಯ ಮಟ್ಟವನ್ನು ಗುರುತಿಸಿ, ಪೂರ್ತಿ ಇಳಿಸಿ ಮತ್ತೆ ಗುರುತಿಸಬೇಕು. ಗೋಲಗಳು ಸರಿಯಿದ್ದರೆ ಮಟ್ಟವು ಸುಮಾರು 14 ಗೆರೆಗಳಷ್ಟು ಏರುತ್ತದೆ. 7 ಗೆರೆಗಳಿಗೆ ಇಳಿದರೆ ಅನಿಲ ತೀರಿತೆಂದೇ ಅರ್ಥ. ಅನಿಲವಿದ್ದ ಜಾಗವನ್ನು ಎಣ್ಣೆಯೇ ತುಂಬಿಕೊಂಡಿರುವುದರಿಂದ ಹೋಗಿಬರುವ ಎಣ್ಣೆ ಕಡಮೆ. ಗೆರೆಗಳು ಸರಿಯಿದ್ದೂ ಗಡಸಾಗಿದ್ದರೆ ಉಕ್ಕು ದಣಿದಿರಬಹುದು. ಅದು ಬಿಟ್ಟ ಭಾರ ಎಣ್ಣೆಯ ಮೇಲೆ ಬಿದ್ದು, ಒತ್ತಡ ಹೆಚ್ಚಿ, ಅನಿಲ ಬಿಗಿಯುತ್ತದೆ. ನಮ್ಮ ಬಂಧುವಿನ ಗಾಡಿಯಲ್ಲಿ ಆದದ್ದು ಇದೇ. ಹಿಂದಿನ ಸ್ಪ್ರಿಂಗು ಬದಲಿಸಿ, ಮುಂದಿನ ಸಲಾಕೆಯನ್ನು ಬಿಗಿದರೆ ಸಾಕಾಯಿತು, ಏನನ್ನೂ ಕಿತ್ತುಹಾಕಬೇಕಾಗಲಿಲ್ಲ. ಎಣ್ಣೆ ಮಾತ್ರ ಆ ಗಾಡಿಗೆ ವಿಧಿಸಿದ್ದೇ ಆಗಿರಬೇಕು. ಕೈಗೆ ಸಿಕ್ಕಿತೆಂದು ಬ್ರೇಕಿನ ಎಣ್ಣೆ ಸುರಿದರೆ ಒಳಗಿನ ರಬ್ಬರು ಕೆಡುವುದು.

ಕೊನೆಯ ಮಾತು ಎಲ್ಲಕ್ಕಿಂತ ಮುಖ್ಯವಾದುದು. ಆ ಎಣ್ಣೆಯ ಒತ್ತಡ ಟೈರಿನ ಗಾಳಿಯ ಸುಮಾರು ಮೂವತ್ತು ಪಟ್ಟು. ಕೊಳವೆಯ ತಿರುಪು ಸಡಿಲಿಸಿದ ಕ್ಷಣದಲ್ಲೇ ಮೈ ಕುಸಿಯುತ್ತದೆ. ರಿಪೇರಿಯ ದಿನ ಅಂಗಡಿಯ ಹುಡುಗನೊಬ್ಬ ಏರಿಸಿದ ಗಾಡಿಯಡಿಗೆ ತೂರಲು ಹೊರಟಾಗ ನನ್ನ ವಿದ್ಯಾರ್ಥಿ ಅವನ ರಟ್ಟೆ ಹಿಡಿದೆಳೆದ. ಎತ್ತರದ ಗುಂಡಿಯನ್ನು ಬಂದು ಮಾಡಿ, ಚೌಕಟ್ಟಿಗೆ ಗಟ್ಟಿ ಊರೆ ಕೊಟ್ಟ ಮೇಲೆಯೇ ಅವನನ್ನು ಬಿಟ್ಟ. ಎತ್ತಿನ ಬಂಡಿಯ ಗಾಲಿ ಕಳಚುವಾಗ ನಮ್ಮ ಹಿರಿಯರು ಕೂಡ ಮೊದಲು ಊರುಗೋಲು ಕೊಡುತ್ತಿದ್ದರು. ಬಂಡಿ ಬದಲಾಯಿತು, ಆ ವಿವೇಕ ಬದಲಾಗಬೇಕಾಗಿಲ್ಲ.